ಮನೆಯ ವಿಳಾಸವನ್ನು ನಿರ್ಧರಿಸುವವರು ಯಾರು?

ತುಮಕೂರು, ಗುಬ್ಬಿ, ಕುಣಿಗಲ್‌ಗಳ ನಮ್ಮ ಯುವಕರಿಗೆ ಬೆಂಗಳೂರಿನಲ್ಲಿ ಉದ್ಯೋಗ ದೊರೆತರೆ ಮನೆಯಲ್ಲಿ ಸಂಭ್ರಮ ತುಂಬುತ್ತದೆ. ಹಂಚಿದ ಸಿಹಿ ಮುಗಿಯುವ ಮೊದಲೇ ಗಂಟುಮೂಟೆಯೂ ಸಿದ್ಧವಾಗುತ್ತದೆ. ಎಲ್ಲಿಗೆ? ಚಿಕ್ಕಪ್ಪನ ಮಗನಿರುವ ಗೋರಿಪಾಳ್ಯಕ್ಕೆ, ಮಾವನವರ ಪರಿಚಿತರಿರುವ ಶಿವಾಜಿನಗರಕ್ಕೆ ಅಥವಾ ಟ್ಯಾನರಿ ರಸ್ತೆಗೆ. ಉದ್ಯೋಗ ಪೀಣ್ಯದ ಕಾರ್ಖಾನೆಯಲ್ಲಿದ್ದರೂ ಅದೇ ಮೊಹಲ್ಲಾ, ಎಲೆಕ್ಟ್ರಾನಿಕ್ ಸಿಟಿಯ ಕಚೇರಿಯಲ್ಲಿದ್ದರೂ ಅದೇ ಮೊಹಲ್ಲಾ. ಒಂದು ತಲೆಮಾರಿನ ಭವಿಷ್ಯವನ್ನು ರೂಪಿಸಬೇಕಾದ ನಿರ್ಧಾರವನ್ನು ನಾವು ಇಷ್ಟು ಹಗುರವಾಗಿ ಕೈಗೊಳ್ಳುತ್ತಿರುವುದು ವಿಷಾದನೀಯ.

ಇದಕ್ಕೆ ಸಮುದಾಯವೊಂದನ್ನೇ ಹೊಣೆಯಾಗಿಸುವುದು ಅನ್ಯಾಯವಾದೀತು. ಹೆಸರು ಕೇಳಿದೊಡನೆ ‘ಮನೆ ಈಗಷ್ಟೇ ಕೊಟ್ಟಾಯಿತು’ ಎನ್ನುವ ಮಾಲಕರು ಈ ಮಹಾನಗರದಲ್ಲಿ ಅಪರೂಪವೇನಲ್ಲ. ಬಾಡಿಗೆಗಾಗಲಿ ಕ್ರಯಕ್ಕಾಗಲಿ ಮನೆ ಪಡೆಯಲು ಮುಸ್ಲಿಮರು ಪಡುತ್ತಿರುವ ಬವಣೆಯನ್ನೂ ಅವರು ಪ್ರತ್ಯೇಕ ಬಡಾವಣೆಗಳಿಗೆ ಸರಿಯುತ್ತಿರುವುದನ್ನೂ ನ್ಯಾಯಮೂರ್ತಿ ರಾಜಿಂದರ್ ಸಾಚಾರ್ ಸಮಿತಿಯ ವರದಿಯು 2006ರಲ್ಲೇ ದಾಖಲಿಸಿತ್ತು. ದೇಶದ ಯಾವುದೇ ಭಾಗದಲ್ಲಿ ನೆಲೆಸುವ ಹಕ್ಕನ್ನು ಸಂವಿಧಾನದ 19ನೇ ವಿಧಿ ನಾಗರಿಕರಿಗೆ ಕೊಟ್ಟಿದೆ. ಆದರೆ ಮಾಲಕನ ಗೇಟಿನ ಮುಂದೆ ಆ ವಿಧಿ ಮೂಕವಾಗಿ ನಿಲ್ಲುತ್ತದೆ. ಈ ಅನ್ಯಾಯವನ್ನು ಖಂಡಿಸಲೇಬೇಕು. ಆದರೆ ಒಂದೆರಡು ಬಾಗಿಲು ಮುಚ್ಚಿದೊಡನೆ ಮೂರನೆಯದನ್ನು ತಟ್ಟದೆ ಮರಳುವವರು ಯಾರು? ಮಾಲಕನ ಪೂರ್ವಗ್ರಹ ಮತ್ತು ನಮ್ಮ ಭಯ ಇವೆರಡೂ ಸೇರಿ ನಮ್ಮ ವಿಳಾಸವನ್ನು ಬರೆಯುತ್ತಿವೆ. ಮಕ್ಕಳ ಶಾಲೆ, ದುಡಿಯುವವನ ಆಯಾಸ, ಮನೆಯ ಹೆಣ್ಣುಮಕ್ಕಳ ಬದುಕು ಲೆಕ್ಕಕ್ಕೇ ಬರುತ್ತಿಲ್ಲ.

ಲೆಕ್ಕ ಹಾಕೋಣ. ತುಮಕೂರಿನಿಂದ ಬೆಂಗಳೂರಿಗೆ ಸುಮಾರು 70 ಕಿ.ಮೀ. ರೈಲು ಯಶವಂತಪುರದಲ್ಲಿ ಇಳಿಸುತ್ತದೆ, ಪಕ್ಕದಲ್ಲೇ ಮೆಟ್ರೊ ನಿಲ್ದಾಣವಿದೆ. 2024ರಲ್ಲಿ ತುಮಕೂರು-ಯಶವಂತಪುರ ನಡುವೆ ಮೆಮು ರೈಲು ಆರಂಭವಾಯಿತು. ಅದೇ ವರ್ಷದ ನವೆಂಬರ್‌ನಲ್ಲಿ ಹಸಿರು ಮಾರ್ಗದ ಮೆಟ್ರೊ ನಾಗಸಂದ್ರದಿಂದ ಮಾದಾವರದವರೆಗೆ, ಅಂದರೆ ತುಮಕೂರು ರಸ್ತೆಯಲ್ಲೇ ಮುಂದಕ್ಕೆ ಬಂತು. ಪೀಣ್ಯ, ಜಾಲಹಳ್ಳಿ, ಯಶವಂತಪುರಗಳಲ್ಲಿ ದುಡಿಯುವವನು ಸೀಸನ್ ಟಿಕೆಟ್ ಪಡೆದು ತುಮಕೂರಿನಲ್ಲೇ ಸಂಸಾರ ನಡೆಸಬಹುದು. ಗುಬ್ಬಿಯೂ ಅದೇ ರೈಲು ಮಾರ್ಗದಲ್ಲಿದೆ, ಆದರೆ ಇನ್ನೂ 20 ಕಿ.ಮೀ. ಆಚೆಗೆ. ಕುಣಿಗಲ್‌ಗೆ 2017ರಲ್ಲಿ ಹಾಸನ ಮಾರ್ಗದ ರೈಲು ಬಂದಿದ್ದರೂ ನಿತ್ಯದ ಓಡಾಟಕ್ಕೆ ನೆಲಮಂಗಲದ ಮೂಲಕ ಸಾಗುವ ಬಸ್ಸೇ ಮುಖ್ಯ ಆಸರೆ. ವೈಟ್‌ಫೀಲ್ಡ್‌ನಲ್ಲೋ ಎಲೆಕ್ಟ್ರಾನಿಕ್ ಸಿಟಿಯಲ್ಲೋ ಕೆಲಸವಿದ್ದರೆ ಈ ಮೂರೂ ಊರುಗಳಿಂದ ನಿತ್ಯ ಓಡಾಡುವುದು ದೇಹಕ್ಕೆ ಮಾಡುವ ದ್ರೋಹ. ಫಜ್ರ್ ಮುಗಿಸಿ ಹೊರಟು ಇಶಾ ನಂತರ ಮರಳುವ ತಂದೆಯನ್ನು ಮಕ್ಕಳು ಭಾನುವಾರ ಮಾತ್ರ ಕಾಣುತ್ತಾರೆ. ಅಂಥವರು ಸ್ಥಳಾಂತರಗೊಳ್ಳಲಿ. ಆದರೆ ಕಚೇರಿಯಿರುವ ಮೆಟ್ರೊ ಮಾರ್ಗದಲ್ಲೇ ಮನೆ ಹುಡುಕಲಿ. ವೈಟ್‌ಫೀಲ್ಡ್‌ಗೆ ಹೋಗುವವನು ಗೋರಿಪಾಳ್ಯದಲ್ಲಿ ಮನೆ ಮಾಡಿ ನಗರದ ಉದ್ದಗಲವನ್ನು ದಿನಕ್ಕೆರಡು ಬಾರಿ ಅಳೆಯುವುದಾದರೆ ಊರು ಬಿಟ್ಟು ಬಂದು ಗಳಿಸಿದ್ದೇನು?

ಮುಂಗಡದ ಕಥೆ ಇನ್ನಷ್ಟು ಕಹಿ. ಆರರಿಂದ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವುದು ಬೆಂಗಳೂರಿನ ಹಳೆಯ ರೂಢಿ. ಕೇಂದ್ರ ಸರಕಾರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಮಿತಿ ಸೂಚಿಸಿತ್ತು. ಮಾಲಕರು ಅದನ್ನು ಕೇಳಿಸಿಕೊಂಡಂತಿಲ್ಲ. ಈ ಮೊತ್ತ ಹೊಂದಿಸಲು ಪತ್ನಿಯ ಒಡವೆ ಬಡ್ಡಿಗೆ ಅಡವು ಬೀಳುತ್ತದೆ. ಬಡ್ಡಿ ಹರಾಮ್ ಎಂದು ಬೋಧಿಸುವ ನಾವೇ ಮನೆಯ ಹೊಸ್ತಿಲನ್ನು ಬಡ್ಡಿಯಿಂದ ತುಳಿಯುತ್ತೇವೆ. ಹನ್ನೊಂದು ತಿಂಗಳ ಕರಾರು ಮುಗಿದು ಮನೆ ಬದಲಾದರೆ ಮಗಳ ಶಾಲೆಯೂ ಬದಲಾಗುತ್ತದೆ. ಎರಡು ಬಾರಿ ಶಾಲೆ ಬದಲಾದ ಹುಡುಗಿಗೆ ಮೂರನೆಯ ಬಾರಿ ‘ಇನ್ನು ಸಾಕು’ ಎನ್ನುವ ಹಿರಿಯರು ನಮ್ಮಲ್ಲಿ ಕಡಿಮೆಯೇ?

ಎಲ್ಲ ಉದ್ಯೋಗವೂ ಬೆಂಗಳೂರಿನಲ್ಲೇ ಇದೆ ಎಂಬ ಭ್ರಮೆಯಿಂದಲೂ ಹೊರಬರಬೇಕಾಗಿದೆ. ಗುಬ್ಬಿ ತಾಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿಯಲ್ಲಿ ಉದ್ಘಾಟನೆಗೊಂಡಿತು. ತುಮಕೂರಿನ ಬಳಿ ವಸಂತನರಸಾಪುರದ ಕೈಗಾರಿಕಾ ಪ್ರದೇಶವಿದೆ. ಅಲ್ಲಿಗೆ ಬೇಕಾದ ಐಟಿಐ, ಡಿಪ್ಲೊಮಾ ಶಿಕ್ಷಣ ಪಡೆದ ನಮ್ಮ ಮಕ್ಕಳೆಷ್ಟು? 2023ರ ಜೂನ್‌ನಲ್ಲಿ ಜಾರಿಗೆ ಬಂದ ಶಕ್ತಿ ಯೋಜನೆಯು ಸಾಮಾನ್ಯ ಸರಕಾರಿ ಬಸ್ಸುಗಳಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣ ಒದಗಿಸಿತು. ಕುಣಿಗಲ್‌ನ ಹುಡುಗಿ ಮನೆಯಿಂದಲೇ ತುಮಕೂರಿನ ಕಾಲೇಜಿಗೆ ಹೋಗಿ ಬರಬಹುದಾದಾಗ ಅವಳನ್ನು ತಡೆಯುತ್ತಿರುವುದು ಬಸ್ಸಿನ ದರವಲ್ಲ.

ಸರಕಾರವೂ ಉತ್ತರಿಸಬೇಕು. ಮೆಟ್ರೊದ ಗರಿಷ್ಠ ದರ 2025ರ ಫೆಬ್ರವರಿಯಲ್ಲಿ 60ರಿಂದ 90 ರೂಪಾಯಿಗೆ ಏರಿತು. ತುಮಕೂರಿಗೆ ಮೆಟ್ರೊ ತರುವ ಪ್ರಸ್ತಾಪ ಭಾಷಣಗಳಲ್ಲಿ ವೇಗವಾಗಿ ಓಡುತ್ತಿದೆ. ಅದನ್ನು ನಂಬಿಸಿ ನಿವೇಶನ ಮಾರುವ ದಲ್ಲಾಳಿಗಳ ಬಗ್ಗೆ ಎಚ್ಚರವಿರಲಿ. ದೂರದ ಮೆಟ್ರೊಗಿಂತ ಬೆಳಗಿನ ಹೊತ್ತಿಗೆ ಇನ್ನೆರಡು ರೈಲು ಬೇಕೆಂದು ಒತ್ತಾಯಿಸುವುದು ಹೆಚ್ಚು ಫಲಕಾರಿ.

ನಮ್ಮ ಜಮಾಅತ್‌ಗಳಿಗೂ ಇಲ್ಲಿ ಕೆಲಸವಿದೆ. ಮದುವೆ ಮಂಟಪ ಕಟ್ಟುವ ಉತ್ಸಾಹದಲ್ಲಿ ಅರ್ಧದಷ್ಟನ್ನಾದರೂ ಮುಂಗಡಕ್ಕಾಗಿ ಬಡ್ಡಿರಹಿತ ಸಾಲ ನೀಡುವ ನಿಧಿಗೂ, ಮುಸ್ಲಿಮರಿಗೆ ಮನೆ ಕೊಡುವ ಮಾಲಕರ ಪಟ್ಟಿ ಸಿದ್ಧಪಡಿಸುವುದಕ್ಕೂ ತೋರಬಾರದೇ? ಎಲ್ಲ ಧರ್ಮೀಯರ ನಡುವೆ ಒಳ್ಳೆಯ ನೆರೆಯವರಾಗಿ ಬಾಳುವ ಕುಟುಂಬವೊಂದು ಹತ್ತು ಭಾಷಣಗಳಿಗೆ ಸಮ. ನೆರೆಯವರ ಹಕ್ಕಿನ ಕುರಿತು ಮಿಂಬರ್‌ನಿಂದ ಕೇಳಿದ್ದನ್ನು ಆಚರಿಸಿ ತೋರಿಸಬೇಕಾದರೆ, ಮೊದಲು ನಾವು ಬೇರೆಯವರ ನೆರೆಯವರಾಗಲು ಸಿದ್ಧರಾಗಬೇಕು.