ಅಂಕಿ ಸರಿ, ಚಿತ್ರ ನೋಡಿದಿರಾ?

ಕಾಲೇಜಿನ ಪ್ರಾಜೆಕ್ಟ್ ವರದಿ ಇರಲಿ, ಡೇಟಾ ಅನಲಿಸ್ಟ್ ಕೆಲಸಕ್ಕೆ ಕಳಿಸುವ ರೆಸ್ಯೂಮೆ ಇರಲಿ, ‘ನನ್ನ ಮಾಡೆಲ್‌ನ ಆರ್-ಸ್ಕ್ವೇರ್ ಇಷ್ಟು’ ಎಂದು ಪರೀಕ್ಷೆಯ ಅಂಕದಂತೆ ಹೇಳಿ ಮುಗಿಸುವುದು ನಮಗೆಲ್ಲ ರೂಢಿಯಾಗಿದೆ. ಆದರೆ ಮಾಡೆಲ್ ದತ್ತಾಂಶಕ್ಕೆ ಹೊಂದುತ್ತದೆಯೇ ಎಂಬುದನ್ನು ಆ ಅಂಕಿಯೊಂದೇ ಹೇಳಲಾರದು.

ಸಂಖ್ಯಾಶಾಸ್ತ್ರಜ್ಞ ಫ್ರಾನ್ಸಿಸ್ ಆನ್ಸ್‌ಕೋಂಬ್ ಇದನ್ನು 1973ರಲ್ಲೇ ತೋರಿಸಿಕೊಟ್ಟರು. ಅವರು ತಲಾ 11 ಬಿಂದುಗಳ ನಾಲ್ಕು ದತ್ತಾಂಶಗಳನ್ನು ಸಿದ್ಧಪಡಿಸಿದರು. ನಾಲ್ಕರಲ್ಲೂ ಎಕ್ಸ್‌ನ ಸರಾಸರಿ 9, ವೈನ ಸರಾಸರಿ ಸುಮಾರು 7.5, ಆರ್-ಸ್ಕ್ವೇರ್ ಸುಮಾರು 0.67. ಸಿಗುವ ಸರಳರೇಖೆಯೂ ಒಂದೇ. ಗ್ರಾಫ್ ಹಾಕಿದರೆ ಮಾತ್ರ ಬಣ್ಣ ಬಯಲು. ಮೊದಲನೆಯದರಲ್ಲಿ ಬಿಂದುಗಳು ರೇಖೆಯ ಆಚೀಚೆ ಹರಡಿವೆ. ಎರಡನೆಯದು ಬಿಲ್ಲಿನಂತೆ ಬಾಗಿದೆ. ಮೂರನೆಯದರಲ್ಲಿ ಉಳಿದವೆಲ್ಲ ನೆಟ್ಟಗೆ ಸಾಲಾಗಿದ್ದರೂ ಒಂದು ಬಿಂದು ರೇಖೆಯನ್ನು ತನ್ನತ್ತ ಎಳೆದಿದೆ. ನಾಲ್ಕನೆಯದರಲ್ಲಿ 10 ಬಿಂದುಗಳ ಎಕ್ಸ್ ಬೆಲೆ 8, ಒಂದರದ್ದು ಮಾತ್ರ 19. ಆ ಒಂದನ್ನು ತೆಗೆದರೆ ರೇಖೆಯೇ ಇಲ್ಲ!

ಇಂಥದ್ದನ್ನು ಪತ್ತೆ ಹಚ್ಚಲೆಂದೇ ಡಯಾಗ್ನಾಸ್ಟಿಕ್ ಪ್ಲಾಟ್‌ಗಳಿವೆ. ನಿಜವಾದ ಬೆಲೆಗೂ ಮಾಡೆಲ್‌ನ ಅಂದಾಜಿಗೂ ಇರುವ ವ್ಯತ್ಯಾಸವೇ ರೆಸಿಡ್ಯುಯಲ್. ಅಂದಾಜಿನ ಎದುರು ಅದನ್ನು ಗುರುತಿಸಿದಾಗ ಬಿಂದುಗಳು ಸೊನ್ನೆಯ ಸುತ್ತ ಅಡ್ಡಾದಿಡ್ಡಿ ಚದುರಿದ್ದರೆ ಒಳ್ಳೆಯದು. ಬಾಗಿದ್ದರೆ ಸರಳರೇಖೆ ಸಾಲದು ಎಂದರ್ಥ. ಆಲಿಕೆಯಂತೆ ಅಗಲವಾಗುತ್ತ ಹೋದರೆ ತಪ್ಪಿನ ಪ್ರಮಾಣ ಎಲ್ಲೆಡೆ ಒಂದೇ ಇಲ್ಲ. ಆದರೆ ನಾಲ್ಕನೆಯ ದತ್ತಾಂಶದ ಒಂಟಿ ಬಿಂದು ಇಲ್ಲೂ ಕಣ್ತಪ್ಪಿಸುತ್ತದೆ. ರೇಖೆ ಅದರ ಮೇಲೆಯೇ ಹಾದುಹೋಗುವುದರಿಂದ ಅದರ ರೆಸಿಡ್ಯುಯಲ್ ಸೊನ್ನೆ. ಅದು ಸಿಕ್ಕಿಬೀಳುವುದು ಲೆವರೇಜ್ ನೋಡಿದಾಗ. ಆದ್ದರಿಂದ ಒಂದೇ ಚಿತ್ರ ನೋಡಿ ಸುಮ್ಮನಾಗುವಂತಿಲ್ಲ.

ಇದೆಲ್ಲ ಪಠ್ಯದ ಮಾತಷ್ಟೇ ಎಂದುಕೊಳ್ಳಬೇಡಿ. ಮಳೆ ನೋಡಿ ಇಳುವರಿ ಅಂದಾಜಿಸುವ ಮಾಡೆಲೊಂದನ್ನು ಊಹಿಸಿಕೊಳ್ಳಿ. ಮಳೆ ಒಂದು ಮಟ್ಟದವರೆಗೆ ಬೆಳೆಗೆ ವರ, ಮಿತಿಮೀರಿದರೆ ಶಾಪ. ಅದಕ್ಕೆ ಸರಳರೇಖೆ ಎಳೆದರೆ, ಅತಿವೃಷ್ಟಿಯಲ್ಲಿ ಹೊಲ ಕೊಚ್ಚಿಹೋದ ರೈತನಿಗೂ ‘ಈ ಸಲ ಬಂಪರ್ ಬೆಳೆ’ ಎಂದೇ ಮಾಡೆಲ್ ಹೇಳುತ್ತದೆ. ಅದನ್ನು ನಂಬಿ ಪರಿಹಾರ ಲೆಕ್ಕ ಹಾಕಿದರೆ ನಷ್ಟ ಯಾರಿಗೆ? ಬಾಗಿದ ರೆಸಿಡ್ಯುಯಲ್ ಪ್ಲಾಟ್ ಆ ತಪ್ಪನ್ನು ಮೊದಲೇ ತೋರಿಸಬಲ್ಲದು.

ಇದು ಕಷ್ಟದ ಕೆಲಸವೂ ಅಲ್ಲ. ಆರ್ ಸಾಫ್ಟ್‌ವೇರ್ ಉಚಿತ. ರಿಗ್ರೆಷನ್ ಮಾಡಿದ ಮೇಲೆ ‘ಪ್ಲಾಟ್’ ಎಂಬ ಒಂದೇ ಕಮಾಂಡ್ ಕೊಟ್ಟರೆ ಇಂಥ ನಾಲ್ಕು ಚಿತ್ರಗಳು ಬರುತ್ತವೆ. ಆನ್ಸ್‌ಕೋಂಬ್ ಅವರ ದತ್ತಾಂಶವೂ ಅದರಲ್ಲೇ ಇದೆ. ಈ ಚಿತ್ರಗಳಿಲ್ಲದ ಪ್ರಾಜೆಕ್ಟ್ ವರದಿಯನ್ನು ಕಾಲೇಜುಗಳು ಒಪ್ಪಿಕೊಳ್ಳಬಾರದು. ಕಾಲೇಜು ಕೇಳದಿದ್ದರೂ ನಾವೇ ಶುರು ಮಾಡೋಣ. ಸಂದರ್ಶನದಲ್ಲಿ ‘ನಿಮ್ಮ ಮಾಡೆಲ್ ಎಷ್ಟು ಸರಿ?’ ಎಂದು ಕೇಳಿದರೆ, ಅದು ಎಲ್ಲಿ ಎಡವುತ್ತದೆ ಎಂಬುದನ್ನೂ ಹೇಳಬಲ್ಲವರಾಗೋಣ.