ಗಾಲಿಗೂ ಮುಪ್ಪುಂಟು

ನಮ್ಮ ರಾಜೂರಿನ ಹಿರಿಯರು ಸವದತ್ತಿ ಎಲ್ಲಮ್ಮನ ಜಾತ್ರೆಗೆ ಚಕ್ಕಡಿ ಹೂಡುವ ಮುನ್ನಾದಿನವೇ ಅಚ್ಚಿಗೆ ಕೀಲೆಣ್ಣೆ ಹಚ್ಚಿ, ಕಡೆಗೀಲು ಪರೀಕ್ಷಿಸುತ್ತಿದ್ದರು. ಚಕ್ಕಡಿಯ ಸ್ಥಾನಕ್ಕೆ ಟ್ರ್ಯಾಕ್ಟರ್ ಟ್ರೇಲರ್ ಬಂದಿತು. ತಾಡಪತ್ರಿ ಕಟ್ಟಿ, ಬುತ್ತಿಗಂಟಿನೊಡನೆ ಇಡೀ ಮನೆತನವೇ ಹೊರಡುತ್ತದೆ. ಆ ಪರೀಕ್ಷೆ ಮಾತ್ರ ಮರೆತುಹೋಯಿತು.

ಕೆಲವು ವರ್ಷಗಳ ಹಿಂದೆ ನರಗುಂದ ದಾಟಿದ ಮೇಲೆ ನಾವು ಕುಳಿತಿದ್ದ ಟ್ರೇಲರಿನ ಟೈರು ಸಿಡಿಯಿತು. ಮೊಮ್ಮಗಳು ನನ್ನ ತೊಡೆಯ ಮೇಲಿದ್ದಳು. ದೈವಕೃಪೆ, ಯಾರಿಗೂ ಪೆಟ್ಟಾಗಲಿಲ್ಲ. “ಗ್ರಿಪ್ ಇನ್ನೂ ಚಲೋ ಇತ್ರಿ ಸರ್” ಎಂದ, ಟ್ರ್ಯಾಕ್ಟರ್ ನಡೆಸುತ್ತಿದ್ದ ನನ್ನ ಹಳೆಯ ಶಿಷ್ಯ.

ಮೋಸವಿರುವುದು ಅಲ್ಲಿಯೇ. ಟ್ರೇಲರು ಓಡುವುದು ಕಡಿಮೆ, ಬಿಸಿಲಲ್ಲಿ ನಿಲ್ಲುವುದು ಹೆಚ್ಚು. ಸವೆಯುವ ಮೊದಲೇ ರಬ್ಬರಿಗೆ ಮುಪ್ಪು ಬಂದು ಪಕ್ಕಗಳು ಬಿರಿಯುತ್ತವೆ. ಅಲ್ಲಿ ಅಚ್ಚೊತ್ತಿದ ನಾಲ್ಕು ಅಂಕಿಗಳನ್ನು ಓದಿರಿ: 2319 ಎಂದರೆ 2019ರ 23ನೆಯ ವಾರದಲ್ಲಿ ತಯಾರಾದದ್ದು. ಹಳೆಯ ಟೈರಿಗೆ ಮೇಲೆ ಹೊಸ ರಬ್ಬರು ಕೂಡಿಸಿದರೂ ಒಳಮೈ ಹಳೆಯದೇ. ಗಾಳಿಯನ್ನು ಹೊರಡುವ ಮುನ್ನ, ಟೈರು ತಣ್ಣಗಿರುವಾಗಲೇ ಅಳೆಯಬೇಕು. ಗಾಳಿ ಕಡಿಮೆಯಿದ್ದು ಹೇರು ಹೆಚ್ಚಾದರೆ ಪಕ್ಕಗಳು ಬಾಗಿ ಬಾಗಿ, ಕಾದು ಸಿಡಿಯುತ್ತವೆ.

ಟ್ರೇಲರಿನಲ್ಲಿ ಜನರನ್ನು ಒಯ್ಯುವುದು ಕಾನೂನಿಗೆ ಸಮ್ಮತವಲ್ಲ. ಜಾತ್ರೆಗೆ ಬಸ್ಸೇ ಲೇಸು ಎಂಬುದು ನನ್ನ ಅಭಿಪ್ರಾಯ. ಅಂದು ಹತ್ತಿ ಕುಳಿತ ನಾನೂ ತಪ್ಪಿತಸ್ಥನೇ. ಉಳ್ಳಾಗಡ್ಡಿ ಹೇರುವವರಾದರೂ ನೆನಪಿಡಿ, ಎದುರಿಗೆ ಬರುವವರೂ ಯಾರದೋ ಮಕ್ಕಳು. ನಿಮಗೆ ಅಂಕಿ ಓದಲು ಕಲಿಸಿದವನು ನಾನು. ಟೈರಿನ ಮೇಲಿನ ಅಂಕಿಯನ್ನೂ ಓದಿ.