ಮನೆವಾರ್ತೆ: ಕೈಗಡದ ಸಂಗೀತ

ಪಾತ್ರೆಯನ್ನು ಕೊಳ್ಳುವಾಗ ಗೃಹಸ್ಥನು ತಟ್ಟಿ ನೋಡುತ್ತಾನೆ. ಬಟ್ಟೆಯನ್ನು ಕೊಳ್ಳುವಾಗ ಎಳೆದು ನೋಡುತ್ತಾನೆ. ಕೊಂಡ ಮೇಲೆ ಅದು ಅವನದು. ಮಾರಿದ ವರ್ತಕನು ಅಂಗಡಿಯನ್ನೇ ಮುಚ್ಚಿಕೊಂಡು ಹೋದರೂ ಹಿತ್ತಾಳೆಯ ಕೊಳದಪ್ಪಲೆಯು ಅನ್ನ ಬೇಯಿಸುವುದನ್ನು ನಿಲ್ಲಿಸುವುದಿಲ್ಲ. ಆದರೆ ಈ ಕಾಲದಲ್ಲಿ ನಾವು ಕೊಳ್ಳುವ ಕೆಲವು ವಸ್ತುಗಳ ರೀತಿಯೇ ಬೇರೆ. ಸ್ಮಾರ್ಟ್‌ಫೋನು ಅಂತಹದೊಂದು. ಗಾಜು ಒಡೆಯದೆ, ಬ್ಯಾಟರಿ ಕೆಡದೆ, ನೋಡುವುದಕ್ಕೆ ಹೊಸದರಂತೆಯೇ ಇದ್ದರೂ, ಒಂದು ದಿನ ಅದರಲ್ಲಿ ಹಾಡು ಕೇಳಿಸದು, ಚಿತ್ರ ಕಾಣಿಸದು. ಇದೇಕೆ ಹೀಗೆ, ಇದಕ್ಕೆ ಮನೆಯವರು ಮಾಡತಕ್ಕದ್ದೇನು ಎಂಬುದನ್ನು ಈ ತಿಂಗಳು ವಿಚಾರಿಸೋಣ.

ವಿಂಡೋಸ್ ಫೋನಿನ ಕಥೆಯು ಇದಕ್ಕೆ ಒಳ್ಳೆಯ ದೃಷ್ಟಾಂತ. ಮೈಕ್ರೋಸಾಫ್ಟ್ ಕಂಪೆನಿಯವರು ಇದನ್ನು 2010ರಲ್ಲಿ ಹೊರತಂದರು. 2011ರ ಫೆಬ್ರವರಿಯಲ್ಲಿ ಫಿನ್ಲೆಂಡಿನ ನೋಕಿಯ ಕಂಪೆನಿಯು ತನ್ನ ಸ್ಮಾರ್ಟ್‌ಫೋನುಗಳಿಗೆ ಇದನ್ನೇ ಆರಿಸಿಕೊಂಡಿತು. ಲೂಮಿಯ ಎಂಬ ಹೆಸರಿನ ಆ ಫೋನುಗಳು ಗಟ್ಟಿಮುಟ್ಟಾದವು, ಬಣ್ಣಬಣ್ಣದವು. 2013ರಲ್ಲಿ ಬಂದ ಲೂಮಿಯ 520 ಬೆಲೆಯಲ್ಲಿ ಕಡಮೆಯಾದುದರಿಂದ ನಮ್ಮ ದೇಶದಲ್ಲಿಯೂ ಅನೇಕ ಮನೆಗಳನ್ನು ಹೊಕ್ಕಿತು. ಯಂತ್ರವನ್ನು ಹಳಿದವರು ವಿರಳ. ಕೊರತೆಯಿದ್ದದ್ದು ಆ್ಯಪುಗಳಲ್ಲಿ.

ಸಂತೆಯ ನ್ಯಾಯವನ್ನು ನಮ್ಮ ವಾಚಕರು ಬಲ್ಲರು. ಜನ ನೆರೆಯದ ಸಂತೆಗೆ ವರ್ತಕನು ಗಾಡಿ ಕಟ್ಟುವುದಿಲ್ಲ. ವರ್ತಕನು ಬಾರದ ಸಂತೆಗೆ ಜನರು ಬುಟ್ಟಿ ಹಿಡಿದು ಹೋಗುವುದಿಲ್ಲ. ಆಂಡ್ರಾಯ್ಡ್ ಮತ್ತು ಐಫೋನುಗಳ ಸಂತೆಗಳು ಆಗಲೇ ಕಿಕ್ಕಿರಿದಿದ್ದವು. ಮೂರನೆಯ ಸಂತೆಗೆ ಆ್ಯಪು ಮಾಡುವವರನ್ನು ಕರೆತರಲು ಮೈಕ್ರೋಸಾಫ್ಟಿನವರು ಹಣವನ್ನು ಕೊಟ್ಟರು, ಕೆಲವರಿಗೆ ತಾವೇ ಆ್ಯಪು ಬರೆದುಕೊಟ್ಟರು. ಆದರೂ ಬಳಸುವವರ ಸಂಖ್ಯೆಯು ಸಾಲದೆ ಹೋಯಿತೆಂದು ಆ ಕಂಪೆನಿಯ ಅಧಿಕಾರಿಗಳಾದ ಜೋ ಬೆಲ್ಫಿಯೋರ್ ಅವರು 2017ರ ಅಕ್ಟೋಬರಿನಲ್ಲಿ ಬಹಿರಂಗವಾಗಿಯೇ ಒಪ್ಪಿಕೊಂಡರು.

ಹಾಡು, ಚಿತ್ರಗಳನ್ನು ಹರಿಯಿಸುವ ಸ್ಟ್ರೀಮಿಂಗ್ ಆ್ಯಪುಗಳಿಗೆ ಈ ಪೆಟ್ಟು ಇನ್ನೂ ಬಲವಾಗಿ ತಗಲುತ್ತದೆ. ಏಕೆಂದರೆ ಅಂತಹ ಆ್ಯಪು ನಮ್ಮ ಕೈಯಲ್ಲಿರುವುದು ಅರ್ಧ ಮಾತ್ರ. ಅದು ಮನೆಯ ನಲ್ಲಿಯಿದ್ದಂತೆ. ನೀರಿರುವುದು ದೂರದ ಸರ್ವರಿನಲ್ಲಿ. ಅಲ್ಲಿಯವರು ಕಳುಹಿಸುವ ಕ್ರಮವನ್ನೋ, ಬೀಗವನ್ನೋ ಬದಲಾಯಿಸಿದರೆ ಇಲ್ಲಿಯ ಆ್ಯಪೂ ಅದಕ್ಕೆ ತಕ್ಕಂತೆ ಬದಲಾಗತಕ್ಕದ್ದು. ಬದಲಾಯಿಸುವವರಿಲ್ಲದಿದ್ದರೆ ನಲ್ಲಿ ಹೊಳೆಯುತ್ತಲೇ ಇರುತ್ತದೆ, ನೀರು ಬಾರದು. ಸರ್ವರಿನ ಗುರುತನ್ನು ಸಾರುವ ಪ್ರಮಾಣಪತ್ರಗಳಿಗೂ ಅವಧಿಯುಂಟು. 2021ರ ಸೆಪ್ಟೆಂಬರ್ 30ರಂದು ಅಂತಹ ಒಂದು ಮೂಲ ಪ್ರಮಾಣಪತ್ರದ ಅವಧಿಯು ತೀರಿದಾಗ, ಹೊಸದನ್ನು ಅರಿಯದ ಹಳೆಯ ಯಂತ್ರಗಳೆಷ್ಟೋ ಅನೇಕ ಜಾಲತಾಣಗಳನ್ನು ತೆರೆಯಲಾರದೆ ಹೋದವು.

ಬಲ್ಲಿದರ ಜಗಳದಲ್ಲಿ ಬಡವನು ಬಡವಾಗುವುದೂ ಉಂಟು. ಗೂಗಲಿನವರು ವಿಂಡೋಸ್ ಫೋನಿಗೆ ಪೂರ್ಣವಾದ ಯೂಟ್ಯೂಬ್ ಆ್ಯಪನ್ನು ಮಾಡಿಕೊಡಲಿಲ್ಲ. 2013ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟಿನವರು ತಾವೇ ಒಂದನ್ನು ಮಾಡಿದರು. ಅದರಲ್ಲಿ ಜಾಹೀರಾತು ತೋರದು, ಚಿತ್ರಗಳನ್ನು ಇಳಿಸಿಕೊಳ್ಳಬಹುದು ಎಂಬ ಕಾರಣಗಳಿಂದ ಗೂಗಲಿನವರು ತಕರಾರು ಹೂಡಿದರು. ತಿದ್ದಿದ ಆ್ಯಪು ಆಗಸ್ಟಿನಲ್ಲಿ ಬಂದಿತು. ಎರಡೇ ದಿನಗಳಲ್ಲಿ ಗೂಗಲಿನವರು ಅದನ್ನೂ ತಡೆದರು. ಯಾರ ವಾದವು ಸರಿಯೆಂಬುದು ಹಾಗಿರಲಿ. ಹಣ ತೆತ್ತು ಫೋನು ಕೊಂಡವನನ್ನು ಇಬ್ಬರೂ ಕೇಳಲಿಲ್ಲ.

2014ರ ಏಪ್ರಿಲಿನಲ್ಲಿ ನೋಕಿಯದ ಫೋನಿನ ವ್ಯಾಪಾರವೆಲ್ಲ ಮೈಕ್ರೋಸಾಫ್ಟಿನ ಪಾಲಾಯಿತು. ಅದೇ ವರ್ಷದ ಫೆಬ್ರವರಿಯಲ್ಲಿ ಕಂಪೆನಿಯ ಮುಖ್ಯಸ್ಥರಾಗಿದ್ದವರು ನಮ್ಮ ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದಿದ ಸತ್ಯ ನಾದೆಳ್ಲ ಅವರು. 2015ರ ಜುಲೈಯಲ್ಲಿ ಅವರು ಈ ವ್ಯಾಪಾರದ ಬಾಬ್ತು ಸುಮಾರು 760 ಕೋಟಿ ಡಾಲರುಗಳನ್ನು ನಷ್ಟವೆಂದು ಲೆಕ್ಕದಿಂದ ತೆಗೆದುಹಾಕಿದರು. 7,800ರವರೆಗೆ ನೌಕರಿಗಳು ಕಡಿತವಾಗುವುವೆಂದೂ ಸಾರಿದರು. ಬಳಿಕ ಒಂದೊಂದಾಗಿ ದೀಪಗಳು ಆರಿದವು. ವಿಂಡೋಸ್ ಫೋನ್ 8.1ಕ್ಕೆ ಬೆಂಬಲವು 2017ರ ಜುಲೈಯಲ್ಲಿ ನಿಂತಿತು. ಅದರ ಆ್ಯಪು ಅಂಗಡಿಯು 2019ರ ಡಿಸೆಂಬರಿನಲ್ಲಿ ಮುಚ್ಚಿತು. ಆ ವರ್ಷದ ಕೊನೆಗೆ ವಾಟ್ಸಾಪ್ ಸಹ ವಿಂಡೋಸ್ ಫೋನುಗಳನ್ನು ಬಿಟ್ಟಿತು.

ಈ ಕಥೆಯಲ್ಲಿ ಮನೆಯವರು ನೆನಪಿನಲ್ಲಿಡಬೇಕಾದ ಪ್ರಸಂಗವೊಂದಿದೆ. ಮೈಕ್ರೋಸಾಫ್ಟಿನ ಗ್ರೂವ್ ಎಂಬ ಸಂಗೀತದ ಚಂದಾ ಸೇವೆಯು 2017ರ ಡಿಸೆಂಬರ್ 31ಕ್ಕೆ ಮುಗಿಯಿತು. ಚಂದಾ ತೆತ್ತು ಕೇಳುತ್ತಿದ್ದವರಿಗೆ ಆ ಹಾಡುಗಳು ಅಲ್ಲಿಗೆ ತೀರಿದವು. ಹಾಡುಗಳನ್ನು ಕೊಂಡು ತಮ್ಮ ಯಂತ್ರಕ್ಕೆ ಇಳಿಸಿಕೊಂಡಿದ್ದವರಿಗೆ ಅವು ಉಳಿದವು. ಮೊದಲನೆಯದು ಕೈಗಡ, ಎರಡನೆಯದು ಸ್ವತ್ತು. ಕೈಗಡ ತರುವುದು ತಪ್ಪಲ್ಲ. ಅಲ್ಪ ಹಣಕ್ಕೆ ಲೋಕದ ಸಂಗೀತವೆಲ್ಲ ಮನೆಗೆ ಬರುವುದು ಸಣ್ಣ ಭಾಗ್ಯವೇನೂ ಅಲ್ಲ. ಕೈಗಡವನ್ನು ಸ್ವತ್ತೆಂದು ಎಣಿಸುವುದೇ ತಪ್ಪು.

ಆದುದರಿಂದ ಫೋನು ಕೊಳ್ಳುವಾಗ ಬೆಲೆಯನ್ನು ಕೇಳುವಂತೆಯೇ ಎಷ್ಟು ವರ್ಷ ಅಪ್‌ಡೇಟ್ ಬರುವುದೆಂಬುದನ್ನೂ ಕೇಳತಕ್ಕದ್ದು. 2023ರಲ್ಲಿ ಗೂಗಲಿನವರೂ 2024ರಲ್ಲಿ ಸ್ಯಾಮ್‌ಸಂಗಿನವರೂ ತಮ್ಮ ಕೆಲವು ಫೋನುಗಳಿಗೆ ಏಳು ವರ್ಷಗಳ ಮಾತು ಕೊಟ್ಟಿದ್ದಾರೆ. ಅಂತಹ ಮಾತೂ ಬೆಲೆಯ ಒಂದು ಭಾಗವೇ. ಫೋನು ಹಳೆಯದಾಗಿದ್ದರೆ ಅದನ್ನು ನಂಬಿ ವರ್ಷದ ಚಂದಾವನ್ನು ಒಮ್ಮೆಗೇ ಕಟ್ಟುವುದಕ್ಕಿಂತ ತಿಂಗಳು ತಿಂಗಳಿಗೆ ಕಟ್ಟುವುದು ಮೇಲು. ಬೆಂಬಲ ನಿಂತ ಫೋನಿನಲ್ಲಿ ಬ್ಯಾಂಕಿನ ವ್ಯವಹಾರವನ್ನು ಸರ್ವಥಾ ಮಾಡಕೂಡದು. ಹಾಗೆಂದು ಅದನ್ನು ಎಸೆಯಬೇಕಾದುದೂ ಇಲ್ಲ. ಅಲಾರಮ್ಮಿಗೆ, ಫೋಟೋ ತೆಗೆಯುವುದಕ್ಕೆ, ತುಂಬಿಸಿಟ್ಟ ಹಾಡುಗಳನ್ನು ಕೇಳುವುದಕ್ಕೆ ಅದು ಇನ್ನೂ ಬಹುಕಾಲ ದುಡಿದೀತು.

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದ ಮಾತೊಂದು. ಸಿನಿಮಾದ ಹಾಡು ಒಂದು ಆ್ಯಪಿನಲ್ಲಿ ನಿಂತರೆ ಇನ್ನೊಂದರಲ್ಲಿ ದೊರೆತೀತು. ಅಜ್ಜಿಯು ಹಾಡಿದ ಸೋಬಾನೆ, ಮಗುವಿನ ಮೊದಲ ತೊದಲು, ತೀರಿಕೊಂಡ ತಂದೆಯ ಧ್ವನಿ, ಇವು ಯಾವ ಕಂಪೆನಿಯ ಭಂಡಾರದಲ್ಲಿಯೂ ಎರಡನೆಯ ಸಲ ಸಿಕ್ಕುವುವಲ್ಲ. ಅವು ಹಳೆಯ ಫೋನಿನಲ್ಲಿಯೇ ಇದ್ದರೆ, ಅದು ಇನ್ನೂ ಬೆಳಗುತ್ತಿರುವಾಗಲೇ ಹೊರತೆಗೆದು, ಎಲ್ಲ ಯಂತ್ರಗಳೂ ಓದಬಲ್ಲ ಸಾಮಾನ್ಯ ರೂಪದಲ್ಲಿ, ಎರಡು ಬೇರೆ ಬೇರೆ ಕಡೆ ಇರಿಸಿರಿ. ಗಾಳಿ ಬಂದಾಗ ತೂರಿಕೊಳ್ಳಬೇಕೆಂದು ಹಿರಿಯರು ಹೇಳಿದ್ದಾರೆ. ಈ ಕೆಲಸಕ್ಕೆ ಒಂದು ಭಾನುವಾರದ ಮಧ್ಯಾಹ್ನ ಸಾಕು.